ಉಪ್ಪುನೀರಿನಲ್ಲಿ ಮುಳುಗಿದ ಐದನೆಯ ರಿಂಗು

ಒಂಬತ್ತನೆಯದೂ ತೇಲಿತು.

“ಬರ್ಕೊಳ್ಳಿ,” ಅಂದೆ.

ಠಸ್ಸೆಯಣ್ಣ ಬರೆದುಕೊಂಡ. ಪೆನ್ನು ಕೈಕೊಟ್ಟು ಒಂಬತ್ತಕ್ಕೆ ಎರಡು ಬಾಲ ಬಂತು.

ಚಿಮಟದಲ್ಲಿ ಇನ್ನೊಂದು ರಬ್ಬರ್ ರಿಂಗು ಹಿಡಿದು ಗಾಜಿನ ಲೋಟಕ್ಕೆ ಬಿಟ್ಟೆ. ಲೋಟದಲ್ಲಿದ್ದದ್ದು ಇನ್ನು ಉಪ್ಪು ಕರಗುವುದಿಲ್ಲ ಅನ್ನುವಷ್ಟು ಉಪ್ಪು ಕದಡಿದ ನೀರು. ರಿಂಗು ಒಂದು ಕ್ಷಣವೂ ಯೋಚಿಸಲಿಲ್ಲ, ನೇರ ತಳಕ್ಕೆ ಹೋಗಿ ಕೂತಿತು. ಅದರ ಹಿಂದೆ ಇನ್ನೊಂದು. ಮತ್ತೊಂದು. ನಾಲ್ಕನೆಯದು.

ಮೇಲೆ ಒಂಬತ್ತು, ಕೆಳಗೆ ನಾಲ್ಕು.

“ಮುಗೀತಲ್ಲ ಮೇಡಂ. ರಿಜಿಸ್ಟರಲ್ಲಿ ಹದಿಮೂರು, ಡಬ್ಬೀಲಿ ಹದಿಮೂರು. ಇನ್ನಾದ್ರೂ ಊಟಕ್ಕೆ ಬಿಡ್ತೀರಾ?”

ನಾನು ಹಳದಿ ಡಬ್ಬಿಯನ್ನು ಬೋರಲು ಹಾಕಿ ತಳಕ್ಕೆ ಎರಡೇಟು ಕೊಟ್ಟೆ. ಮೂಲೆಯಲ್ಲಿ ಅಂಟಿಕೊಂಡಿದ್ದೇನೋ ಬಿಟ್ಟುಕೊಂಡು ಮೇಜಿನ ಮೇಲೆ ಬಿತ್ತು, ಉರುಳಿತು, ಅವನ ಮೊಣಕೈಗೆ ತಾಗಿ ಮಲಗಿತು.

ಹದಿನಾಲ್ಕನೆಯ ರಿಂಗು.

ಅವನು ಮೊಣಕೈ ಹಿಂದಕ್ಕೆ ಎಳೆದುಕೊಂಡ, ಚೇಳು ಕಂಡವನ ಹಾಗೆ. ನಾನು ಅದನ್ನು ಎತ್ತಿ ನೀರಿಗೆ ಬಿಟ್ಟೆ.

ಮುಳುಗಿತು.

ಹನ್ನೊಂದು ದಿನದ ಹಿಂದೆ ಟೆಸ್ಟ್ ಸ್ಟ್ಯಾಂಡಿನ ಮೇಲೆ ಒಂದು ಎಂಜಿನ್ ಸಿಡಿದು ಚೂರಾಗಿತ್ತು; ಅದರ ಅವಳಿ ಮೂರು ಜನರನ್ನು ಹೊತ್ತ ನೌಕೆಯ ಬೆನ್ನಿಗೆ ಅಂಟಿಕೊಂಡು ನಮ್ಮ ತಲೆಯ ಮೇಲೆ ಸುತ್ತುತ್ತಿತ್ತು. ನಾಳೆ ಬೆಳಿಗ್ಗೆ ಹತ್ತು ನಲವತ್ತಕ್ಕೆ ಅದನ್ನು ಮೊದಲ ಸಲ ಉರಿಸಿ ಆ ಮೂವರೂ ಇಳಿಯಬೇಕು. ಉರಿಸಬಹುದೋ ಬಾರದೋ ಎಂದು ಹೇಳಬೇಕಾದವಳು ನಾನು, ಸುರಕ್ಷತಾ ವಿಭಾಗದ ತನಿಖಾಧಿಕಾರಿ. ನನ್ನ ಕೈಯಲ್ಲಿದ್ದ ಆಯುಧ ಒಂದು ಲೋಟ ಉಪ್ಪುನೀರು.

ಈ ಎಂಜಿನ್ನಿಗೆ ಬೆಂಕಿಕಡ್ಡಿ ಬೇಡ. ಎರಡು ದ್ರವಗಳು ಒಂದನ್ನೊಂದು ಮುಟ್ಟಿದರೆ ಸಾಕು, ಹೊತ್ತಿಕೊಳ್ಳುತ್ತವೆ. ಪುಸ್ತಕದಲ್ಲಿ ಅವಕ್ಕೆ ಉದ್ದುದ್ದ ಹೆಸರಿವೆ. ಜೋಡಣೆ ಹಾಲ್‌ನಲ್ಲಿ ಒಂದು ‘ಬಿಳಿ’, ಇನ್ನೊಂದು ‘ಕೆಂಪು’. ಬಿಳಿ ಇಂಧನ. ಕೆಂಪು ಅದನ್ನು ಉರಿಸುವುದು. ಇಬ್ಬರದೂ ಹಾವು ಮುಂಗುಸಿ ಸಂಬಂಧ. ಮಧ್ಯೆ ಕಾವಲು ಕಾಯುವುದು ವಾಲ್ವ್, ವಾಲ್ವಿನೊಳಗೆ ಈ ರಬ್ಬರ್ ರಿಂಗು.

ರಿಂಗುಗಳಲ್ಲೂ ಎರಡು ಜಾತಿ. ಬಿಳಿಯ ಕೊಳವೆಗೆ ಹಗುರ ರಬ್ಬರಿನದು, ಉಪ್ಪುನೀರಿನಲ್ಲಿ ತೇಲುತ್ತದೆ. ಕೆಂಪಿನದು ಭಾರ, ಮುಳುಗುತ್ತದೆ. ಎರಡಕ್ಕೂ ಒಂದೇ ಅಳತೆ, ಒಂದೇ ಕಪ್ಪು. ಪೊಟ್ಟಣದಿಂದ ತೆಗೆದು ತಟ್ಟೆಯಲ್ಲಿಟ್ಟರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಬಿಳಿಯ ರಿಂಗನ್ನು ಕೆಂಪಿನ ವಾಲ್ವಿಗೆ ಹಾಕಿದರೆ ಏನೂ ಆಗುವುದಿಲ್ಲ, ಕೆಂಪು ಅದನ್ನು ಮುಟ್ಟುವ ತನಕ. ಮುಟ್ಟಿದ ಮೇಲೆ ಅದು ಉಬ್ಬಿ ಅಂಟಾಗುತ್ತದೆ. ತೆರೆದ ವಾಲ್ವ್ ಆಮೇಲೆ ಮುಚ್ಚುವುದಿಲ್ಲ.

ಜೋಡಣೆ ಹಾಲ್‌ನಲ್ಲಿ ಕೈಜಾರಿ ಬಿದ್ದ ರಿಂಗನ್ನು ಮತ್ತೆ ಬಳಸುವಂತಿಲ್ಲ. ಮನೆಯಲ್ಲಾದರೆ ಒರೆಸಿ ಹಾಕುವುದು ಜಾಣತನ, ಇಲ್ಲಿ ಅಪರಾಧ. ಬಿದ್ದದ್ದು ಹಳದಿ ಡಬ್ಬಿಗೆ ಹೋಗಬೇಕು, ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಬೇಕು. ಈಗ ಡಬ್ಬಿಯಲ್ಲಿ ಕೆಂಪಿನ ರಿಂಗು ಐದು. ರಿಜಿಸ್ಟರಿನಲ್ಲಿ ನಾಲ್ಕು.

“ಒಂದು ಕೆಂಪು ಬಿದ್ದಿದೆ, ಯಾರೂ ಬರೆದಿಲ್ಲ,” ಅಂದೆ. “ಅದರ ಜಾಗಕ್ಕೆ ಹೋಗಿದ್ದು ಯಾವುದು?”

“ನನ್ನನ್ನೇನು ಕೇಳ್ತೀರಾ ಮೇಡಂ? ನಾನು ಠಸ್ಸೆ ಒತ್ತೋನು.”

ಅದು ನಿಜ. ಅವನ ನಿಜವಾದ ಹೆಸರನ್ನು ಸಂಬಳದವರು ಮಾತ್ರ ಬಳಸುತ್ತಿದ್ದರು. ಜೋಡಣೆಯ ಒಂದೊಂದು ಹಂತವನ್ನೂ ಎದುರಿಗೆ ನಿಂತು ನೋಡಿ, ಪುಸ್ತಕದಲ್ಲಿ ತನ್ನ ನಂಬರಿನ ಠಸ್ಸೆ ಒತ್ತುವುದು ಅವನ ಕೆಲಸ.

ಆ ಪುಸ್ತಕವನ್ನು ಅವನ ಮುಂದೆ ಬಿಡಿಸಿಟ್ಟೆ. ಕೆಂಪಿನ ಎರಡು ವಾಲ್ವುಗಳನ್ನೂ ಒಂದೇ ದಿನ ಜೋಡಿಸಿದ್ದರು. ಒಂದು ಟೆಸ್ಟ್ ಸ್ಟ್ಯಾಂಡಿನ ಎಂಜಿನ್ನಿಗೆ, ಒಂದು ನೌಕೆಯ ಎಂಜಿನ್ನಿಗೆ. ಹನ್ನೆರಡು ಹಂತ, ಹನ್ನೆರಡು ಠಸ್ಸೆ.

“ಶಾಯಿ ನೋಡಿ,” ಅಂದೆ.

ಮೊದಲ ಠಸ್ಸೆ ಗಾಢ ನೀಲಿ. ಎರಡನೆಯದು ಸ್ವಲ್ಪ ತಿಳಿ. ಆರಕ್ಕೆ ಬರುವಾಗ ಆಕಾಶದ ಬಣ್ಣ, ಹನ್ನೆರಡನೆಯದು ಕಂಡೂ ಕಾಣದ ಹಾಗೆ.

“ಆರು ಗಂಟೆ ಕೆಲಸ. ಅರ್ಧ ಗಂಟೆಗೊಂದು ಠಸ್ಸೆ. ಒಂದೊಂದಕ್ಕೂ ಶಾಯಿ ಅದ್ದಿದ್ರೆ ಎಲ್ಲಾ ಒಂದೇ ಬಣ್ಣ ಇರ್ಬೇಕಿತ್ತು. ನೀವು ಒಂದು ಸಲ ಅದ್ದಿ, ಹನ್ನೆರಡೂ ಒಟ್ಟಿಗೆ ಹೊಡೆದು ಹೋಗಿದೀರಾ.”

ಅವನು ಬಾಯಿ ತೆರೆದ. ಮೇಲ್ಗಡೆ ಎಡಕ್ಕೆ ಒಂದು ಹಲ್ಲಿರಲಿಲ್ಲ.

“ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ದೆ,” ಅಂದ.

“ಏನು?”

“ದವಡೆ ಇಷ್ಟಗಲ ಊದಿತ್ತು ಮೇಡಂ. ರಜೆ ಕೇಳಿದ್ರೆ ನಿರ್ದೇಶಕರು ‘ವಾಲ್ವ್ ಮುಗೀಲಿ’ ಅಂದ್ರು. ಹಲ್ಲಿಗೇನು ಗೊತ್ತು ವಾಲ್ವು?” ಅವನು ನಗಲು ನೋಡಿದ, ಆಗಲಿಲ್ಲ. “ಹತ್ತೂವರೆಗೆ ಹೋದೋನು ನಾಲ್ಕಕ್ಕೆ ವಾಪಸ್ ಬಂದೆ. ಮೇಲಿರೋ ಆ ಮೂರು ಜನ... ನನ್ನ ಒಂದು ಹಲ್ಲಿಂದ...”

“ಒಳಗೆ ಯಾರಿದ್ರು ಆಗ?”

“ಮೇಸ್ತ್ರಿ. ಇನ್ಯಾರಿರ್ತಾರೆ? ನಾನು ಹೋಗುವಾಗ ಅವರು ಕೈಗವಸು ಹಾಕ್ಕೊಳ್ತಿದ್ರು.”

ಅವನ ಮಾತನ್ನು ತಾಳೆ ನೋಡಲು ಬಾಗಿಲಿನ ರಿಜಿಸ್ಟರು ಇರಬೇಕಿತ್ತು, ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರು, ಎಷ್ಟಕ್ಕೆ ಬಂದರು ಎಂದು. ಆ ದಿನದ ಹಾಳೆ ಅದರಲ್ಲಿರಲಿಲ್ಲ. ಹರಿದ ಅಂಚು ಮಾತ್ರ ಇತ್ತು.

ಸ್ಟೋರಿನಲ್ಲಿ ಇನ್ನೊಂದು ಚೀಟಿ ಸಿಕ್ಕಿತು. ಆ ದಿನ ಯಾರೂ ಕೆಂಪಿನ ರಿಂಗನ್ನು ಹೆಚ್ಚಿಗೆ ಕೇಳಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಒಬ್ಬರು ಬಿಳಿಯ ರಿಂಗು ಒಂದನ್ನು ಕೇಳಿದ್ದರು, ‘ತಟ್ಟೆಯಲ್ಲಿ ಕಮ್ಮಿ ಇದೆ’ ಎಂದು ಬರೆದು. ಕೆಳಗೆ ಮೇಸ್ತ್ರಿಯ ಸಹಿ.

ಅಲ್ಲಿಗೆ ಲೆಕ್ಕ ಒಂದೇ ಸಾಲಿನದಾಯಿತು. ಕೆಂಪಿನ ರಿಂಗು ಬಿತ್ತು. ಪಕ್ಕದ ತಟ್ಟೆಯಿಂದ ಬಿಳಿಯದು ಅದರ ಜಾಗಕ್ಕೆ ಹೋಯಿತು. ಎರಡು ವಾಲ್ವುಗಳಲ್ಲಿ ಒಂದರೊಳಗೆ.

ಸಿಡಿದ ವಾಲ್ವಿನೊಳಗೆ ಹೋಗಿದ್ದರೆ ಸ್ಫೋಟಕ್ಕೆ ಕಾರಣ ಸಿಕ್ಕ ಹಾಗೆ. ಮೇಲಿನದು ಕ್ಷೇಮ, ನಾಳೆ ಧೈರ್ಯವಾಗಿ ಉರಿಸಬಹುದು. ಮೇಲಿನದರೊಳಗೆ ಹೋಗಿದ್ದರೆ ನಾಳೆ ಆ ಎಂಜಿನ್ ಹೊತ್ತಿಕೊಳ್ಳುತ್ತದೆ, ಸಿಡಿಯುವ ತನಕ ಆರುವುದಿಲ್ಲ.

ಸಿಡಿದದ್ದರ ಚೂರುಗಳಲ್ಲಿ ರಬ್ಬರಿನ ಬೂದಿಯೂ ಉಳಿದಿರಲಿಲ್ಲ.

*

ಮೇಸ್ತ್ರಿ ಉಪಕರಣಗಳ ಕೋಣೆಯಲ್ಲಿ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಅಳತೆಯ ಪ್ರಕಾರ ತೂಗುಹಾಕುತ್ತಿದ್ದರು. ಮೂವತ್ತೊಂದು ವರ್ಷ ಎಂಜಿನ್ ಜೋಡಿಸಿದ ಕೈ. ಮೇಲಿರುವ ನೌಕೆಯ ಪೈಲಟ್ ಅವರ ಒಬ್ಬಳೇ ಮಗಳು. ಇದು ಇಲ್ಲಿ ಗೋಡೆಗೂ ಗೊತ್ತು.

“ಬನ್ನಿ ತಾಯಿ, ಕೂತ್ಕೊಳ್ಳಿ. ಆ ಸ್ಟೂಲ್ ಮೇಲೆ ಬೇಡ, ಅದರ ಕಾಲು ಅಲ್ಲಾಡುತ್ತೆ. ಹದಿನೈದು ವರ್ಷದಿಂದ ಸರಿ ಮಾಡ್ತೀನಿ ಅಂತಿದೀನಿ. ಆಕಾಶಕ್ಕೆ ಹೋಗೋದನ್ನ ಕಟ್ಟೋನಿಗೆ ಸ್ಟೂಲ್ ಕಟ್ಟೋಕೆ ಪುರುಸೊತ್ತಿಲ್ಲ.”

ನಾನು ನಿಂತೇ ಇದ್ದೆ. ಪ್ಲಾಸ್ಟಿಕ್ ಚೀಲದಲ್ಲಿದ್ದ ಐದನೆಯ ರಿಂಗನ್ನೂ ಸ್ಟೋರಿನ ಚೀಟಿಯನ್ನೂ ಅವರ ಮುಂದಿಟ್ಟೆ.

ಅವರು ರಿಂಗನ್ನು ನೋಡಲಿಲ್ಲ. ಚೀಟಿಯನ್ನು ನೋಡಿದರು.

“ನಿಮ್ಮ ಸಹಿ ತಾನೆ?”

“ಕೋಳಿ ಕೆದರಿದ ಹಾಗಿದ್ರೆ ನಂದೇ.”

“ಮೇಸ್ತ್ರಿಗಳೇ, ನನ್ನ ಹತ್ರ ಹೊತ್ತಿಲ್ಲ.”

“ನನ್ನ ಹತ್ರಾನೂ ಇಲ್ಲ,” ಅಂದರು. ಕನ್ನಡಕ ತೆಗೆದು, ಸ್ಪ್ಯಾನರ್ ಒರೆಸುವ ಬಟ್ಟೆಯಲ್ಲೇ ಒರೆಸಿ ಹಾಕಿಕೊಂಡರು. ಗಾಜು ಇನ್ನೂ ಮಸುಕಾಯಿತು. “ಕೆಂಪು ರಿಂಗು ಕೈಜಾರಿ ಬಿತ್ತು. ಡಬ್ಬಿಗೆ ಹಾಕಿದೆ. ತಟ್ಟೆಯಿಂದ ಇನ್ನೊಂದು ತಗೊಂಡು ಕೂರಿಸ್ದೆ. ಅದು ಬಿಳಿಯ ತಟ್ಟೆ ಅಂತ ಮಾರನೇ ದಿನ ಗೊತ್ತಾಯ್ತು.”

“ಎರಡು ತಟ್ಟೆ ಒಟ್ಟಿಗೆ ಮೇಜಿನ ಮೇಲೆ ಇರೋ ಹಾಗಿಲ್ಲ.”

“ಇರೋ ಹಾಗಿಲ್ಲ. ಇತ್ತು.”

“ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.”

“ಬಿಡಲಿಲ್ಲ.”

“ಯಾಕೆ?”

ಅವರು ಒಂದು ಸ್ಪ್ಯಾನರನ್ನು ತಪ್ಪು ಮೊಳೆಗೆ ತೂಗುಹಾಕಿದರು, ತೆಗೆದರು, ಸರಿಯಾದ್ದಕ್ಕೆ ಹಾಕಿದರು.

“ಹೇಳಿದ್ರೆ ಎರಡು ವಾಲ್ವೂ ಬಿಚ್ಬೇಕು. ಮತ್ತೆ ಕಟ್ಟಿ ಮತ್ತೆ ಪರೀಕ್ಷೆ, ಮೂರು ತಿಂಗಳು. ಅಷ್ಟರಲ್ಲಿ ಈ ಹಾರಾಟ ಬೇರೆ ತಂಡಕ್ಕೆ ಹೋಗ್ತಿತ್ತು. ಪುಟ್ಟಿ ಒಂಬತ್ತು ವರ್ಷ ಕಾದಿದ್ಲು ತಾಯಿ. ಪ್ರತಿ ಸಲ ಪಟ್ಟಿ ಬಂದಾಗ ಹೆಸರಿಲ್ಲ ಅಂತ ಫೋನ್ ಮಾಡಿ ನಗೋಳು. ಆ ನಗು ನಿಮಗೆ ಗೊತ್ತಿಲ್ಲ.”

“ಅದಕ್ಕೆ ಸ್ವಂತ ಮಗಳನ್ನ ನೀವು...”



“ಮುಗಿಸಿ,” ಅಂದರು ಮೃದುವಾಗಿ. “ನಾನು ಹನ್ನೊಂದು ದಿನದಿಂದ ಆ ವಾಕ್ಯಾನ ಮುಗಿಸ್ತಾನೇ ಇದೀನಿ.”

ಪಕ್ಕದ ಹಾಲ್‌ನಲ್ಲಿ ಗಾಳಿ ಶೋಧಿಸುವ ಯಂತ್ರ ಗುಂಯ್‌ಗುಟ್ಟುತ್ತಿತ್ತು. ಅದು ಯಾವಾಗಲೂ ಗುಂಯ್‌ಗುಟ್ಟುತ್ತದೆ. ಇವತ್ತೇ ನನಗೆ ಕೇಳಿಸಿದ್ದು.

“ಯಾವ ವಾಲ್ವು ಮೇಸ್ತ್ರಿಗಳೇ? ಇಲ್ಲಿ ಸಿಡಿದದ್ದೋ, ಮೇಲೆ...”

“ಮೇಲಿನದು.”

ನನ್ನ ಪ್ರಶ್ನೆ ಮುಗಿದಿರಲಿಲ್ಲ. ಉಳಿದ ಪ್ರತಿ ಉತ್ತರವನ್ನೂ ಬಾವಿಯಿಂದ ಸೇದಿದ ಹಾಗೆ ಎಳೆದು ಕೊಟ್ಟವರು ಇದನ್ನು ಕೈಯಲ್ಲೇ ಇಟ್ಟುಕೊಂಡಿದ್ದರು.

“ಖಂಡಿತಾನಾ?”

“ಖಂಡಿತ.”

“ಎರಡರಲ್ಲಿ ಮೊದಲು ಜೋಡಿಸಿದ್ದು ಯಾವುದು?”

“ನೆನಪಿಲ್ಲ.”

“ರಿಂಗು ಬಿದ್ದಿದ್ದೆಲ್ಲಿ?”

“ನೆಲದ ಮೇಲೆ. ಇನ್ನೆಲ್ಲಿ ಬೀಳುತ್ತೆ?”

“ಆ ದಿನ ನೌಕೆಯ ಯಾತ್ರಿಗಳೂ ಎಂಜಿನ್ ನೋಡೋಕೆ ಬಂದಿದ್ರಂತೆ. ಒಬ್ಬೊಬ್ಬರೂ ಒಂದು ಬೋಲ್ಟಿಗೆ ಕೈ ಹಾಕಿ ಬಿಗಿ ಮಾಡೋ ಪದ್ಧತಿ ಇದೆಯಲ್ಲ?”

“ಅವರು ಸಾಯಂಕಾಲ ಬಂದಿದ್ದು. ಅಷ್ಟರಲ್ಲಿ ನನ್ನ ಕೆಲಸ ಮುಗಿದಿತ್ತು.” ಮೊದಲ ಸಲ ನನ್ನ ಕಣ್ಣನ್ನು ನೇರ ನೋಡಿದರು. “ತಾಯಿ, ದೊಡ್ಡ ಎಂಜಿನ್ ಉರಿಸ್ಬೇಡಿ ಅಂತ ಹೇಳಿ. ಅದೊಂದು ಹೇಳಿ ಸಾಕು. ನನ್ನನ್ನ ಎಲ್ಲಿಗೆ ಕಳಿಸ್ತೀರೋ ಕಳಿಸಿ, ನಡ್ಕೊಂಡೇ ಹೋಗ್ತೀನಿ.”

ಬಾಗಿಲ ತನಕ ಬಂದಾಗ ಹಿಂದಿನಿಂದ ಕೂಗಿದರು.

“ಹೇಳಿದ್ದು ನಾನು ಅಂತ ಮಾತ್ರ ಪುಟ್ಟಿಗೆ ಹೇಳ್ಬೇಡಿ.”

ನಾಚಿಕೆ ಅಂದುಕೊಂಡೆ.

*

ನಿರ್ದೇಶಕರು ಕಂಟ್ರೋಲ್ ರೂಮಿನ ಹೊರಗೆ, ನಡೆದಾಡುವ ಜಾಗ ಸಾಲದೆ ಎರಡು ಕುಂಡಗಳ ನಡುವೆ ಹಿಂದೆ ಮುಂದೆ ತಿರುಗುತ್ತಿದ್ದರು. ನನ್ನ ಮಾತು ಪೂರ್ತಿ ಕೇಳಿ ಹಣೆಯನ್ನು ಗೋಡೆಗೆ ಒರಗಿಸಿ ನಿಂತರು.

“ಚಿಕ್ಕ ಎಂಜಿನ್ನುಗಳು,” ಅಂದರು ಗೋಡೆಗೆ.

ನೌಕೆಯ ದಿಕ್ಕು ತಿರುಗಿಸಲು ಎಂಟು ಚಿಕ್ಕ ಎಂಜಿನ್ನುಗಳಿದ್ದವು, ಅಂಗೈಯಲ್ಲಿ ಹಿಡಿಯುವಂಥವು. ಅವಕ್ಕೆ ಬೇರೆ ವಾಲ್ವು, ಬೇರೆ ತೊಟ್ಟಿ. ಎಂಟನ್ನೂ ಒಟ್ಟಿಗೆ ಮೂವತ್ತೆಂಟು ನಿಮಿಷ ಉರಿಸಿದರೆ ಇಳಿಯುವಷ್ಟು ವೇಗ ತಗ್ಗುತ್ತದೆ. ಲೆಕ್ಕದ ಪ್ರಕಾರ.

“ಎಷ್ಟು ನಿಮಿಷಕ್ಕೆ ಪರೀಕ್ಷೆ ಮಾಡಿದೀವಿ ಸಾರ್?”

“ಹದಿನೈದು. ಆಮೇಲೆ ಎಂಜಿನ್ ಮೂತಿ ಕರಗೋಕೆ ಶುರು ಆಯ್ತು, ಹೆದರಿ ನಿಲ್ಲಿಸಿದ್ವಿ.” ಅವರು ತಿರುಗಿದರು. ಹಣೆಯ ಮೇಲೆ ಸುಣ್ಣ ಅಂಟಿತ್ತು. “ಅತ್ತ ದರಿ, ಇತ್ತ ಪುಲಿ. ಆರಿಸ್ಕೋ ಅಂತ ನನ್ನ ಕೈಗೆ ಕೊಟ್ಟಿದಾರೆ. ದೊಡ್ಡದನ್ನ ಉರಿಸಿ, ಅದರಲ್ಲಿ ಬಿಳಿಯ ರಿಂಗು ಇದ್ರೆ, ಮೂರು ಜನ ಹೋದ್ರು. ಚಿಕ್ಕದನ್ನ ಉರಿಸಿ, ಹದಿನಾರನೇ ನಿಮಿಷಕ್ಕೆ ಮೂತಿ ಕರಗಿದ್ರೂ ಹೋದ್ರು. ನೀವು ಹೇಳಿ, ಮೇಸ್ತ್ರೀನ ನಂಬ್ಲಾ?”



“ನಮ್ಮ ಹತ್ರ ಇರೋದು ಅವರ ಮಾತೊಂದೇ,” ಅಂದೆ.

“ಮೇಲೆ ಹೋಗಿ ಒಂದು ಬೋಲ್ಟ್ ಬಿಚ್ಚಿ ನೋಡಿದ್ರೆ ಎರಡೇ ನಿಮಿಷದ ಕೆಲಸ.” ಅವರು ನಕ್ಕರು, ಅಥವಾ ಹಾಗೊಂದು ಸದ್ದು ಮಾಡಿದರು. “ಸೈಕಲ್ ಪಂಕ್ಚರ್ ಹಾಕೋನಿಗೆ ನನಗಿಂತ ಹೆಚ್ಚು ಅಧಿಕಾರ ಇದೆ. ಬನ್ನಿ.”

ಚಿಕ್ಕ ಎಂಜಿನ್ನುಗಳ ಹೊಸ ಯೋಜನೆ ಐದು ಗಂಟೆಯೊಳಗೆ ನೌಕೆಯ ಕಂಪ್ಯೂಟರ್ ಸೇರಬೇಕು. ಸೇರಿದರೆ ಸಾಲದು, ಪೈಲಟ್ ತನ್ನ ಕೈಯಿಂದ ಒಪ್ಪಿಗೆಯ ಗುಂಡಿ ಒತ್ತಬೇಕು. ಕೆಳಗಿನವರ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಗಡಿಯಾರದಲ್ಲಿ ನಾಲ್ಕು ಇಪ್ಪತ್ತಾರು.

ಕಂಟ್ರೋಲ್ ರೂಮಿಗೆ ಒಂದು ಗೋಡೆ ಪೂರ್ತಿ ಗಾಜಿನದು. ಅದರ ಆಚೆ ಮೇಸ್ತ್ರಿ ಬಂದು ನಿಂತಿದ್ದರು, ಇನ್ನೂ ಆ ಬಟ್ಟೆ ಕೈಯಲ್ಲೇ. ಅಲ್ಲಿಗೆ ನಮ್ಮ ಮಾತು ಕೇಳಿಸುವುದಿಲ್ಲ, ಮುಖ ಕಾಣುತ್ತದೆ ಅಷ್ಟೆ.

ಸ್ಪೀಕರ್ ಕರಕರ ಅಂದು ಬಿಟ್ಟುಕೊಂಡಿತು.

“ಹೇಳಿ, ಕೇಳಿಸ್ತಿದೆ.” ಹೆಣ್ಣು ದನಿ, ಆರಾಮಾಗಿತ್ತು. “ಏನ್ ಸಾರ್, ಕೆಳಗೆ ಎಲ್ಲರೂ ಉಸಿರು ಬಿಗಿ ಹಿಡಿದಿದೀರಾ? ನೀವು ಧಾರಾಳವಾಗಿ ಬಿಡಿ, ಗಾಳಿ ನಿಮ್ಮ ಹತ್ರಾನೇ ಜಾಸ್ತಿ ಇರೋದು.”

ಯಾರೂ ನಗಲಿಲ್ಲ. ನಿರ್ದೇಶಕರು ಗಂಟಲು ಸರಿಮಾಡಿಕೊಂಡು ಹೇಳಿದರು. ರಿಂಗು, ವಾಲ್ವು, ಎಂಟು ಚಿಕ್ಕ ಎಂಜಿನ್ನು, ಮೂವತ್ತೆಂಟು ನಿಮಿಷ. ಪಾಠ ಒಪ್ಪಿಸುವ ಹುಡುಗನ ಹಾಗೆ, ಎಲ್ಲೂ ನಿಲ್ಲದೆ.

“ಹದಿನೈದಕ್ಕಿಂತ ಜಾಸ್ತಿ ಯಾರೂ ಉರಿಸಿಲ್ಲ ಸಾರ್,” ಅಂದಳು.

“ಗೊತ್ತು.”

“ಕೆಟ್ಟ ರಿಂಗು ನಮ್ಮ ವಾಲ್ವಿನಲ್ಲೇ ಇದೆ ಅಂತ ಹೇಳಿದ್ದು ಯಾರು?”

ನಿರ್ದೇಶಕರು ನನ್ನ ಕಡೆ ನೋಡಿದರು. ಬೇಡ ಎಂದು ತಲೆಯಾಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ಸುಳ್ಳು ಹೇಳಲು ಬಾರದ ಮನುಷ್ಯ.

“ನಿಮ್ಮ ತಂದೆ. ಕೈಯಾರೆ ಹಾಕಿದ್ದು ಅಂತ ಒಪ್ಕೊಂಡಿದಾರೆ.”

ಮೇಲಿಂದ ಮಾತು ಬರಲು ಒಂದು ಸೆಕೆಂಡು ತಡವಾಗುತ್ತದೆ.

“ಅಪ್ಪ ಆವತ್ತು ಒಳಗೇ ಇರ್ಲಿಲ್ಲ.”

“ಏನಂದ್ರಿ?”

“ನಾವು ಎಂಜಿನ್ ನೋಡೋಕೆ ಬಂದಿದ್ದು ಹನ್ನೊಂದು ಗಂಟೆಗೆ. ಅಪ್ಪ ಕೈಗವಸು ಬಿಚ್ಚಿ ಹೊರಗೆ ಹೋದ್ರು. ಒಂದೇ ಮನೆಯವರು ಇಬ್ಬರು ಒಟ್ಟಿಗೆ ಆ ಹಾಲ್‌ನಲ್ಲಿ ಇರೋ ಹಾಗಿಲ್ವಲ್ಲ? ಏನಾದ್ರೂ ಸಿಡಿದ್ರೆ ಒಂದೇ ಮನೇಲಿ ಎರಡು ಹೆಣ ಆಗ್ಬಾರ್ದು ಅಂತ. ನಾನು ಮೂರೂವರೆ ತನಕ ಒಳಗಿದ್ದೆ. ಅಷ್ಟೂ ಹೊತ್ತು ಅವರು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ರು.”

ಆರು ವರ್ಷದ ಹಿಂದೆ ಆ ನಿಯಮ ಬರೆದದ್ದು ನಾನೇ. ಅದರಿಂದ ಜೀವ ಉಳಿಯುತ್ತದೆ ಅಂದುಕೊಂಡಿದ್ದೆ.

ಮೇಸ್ತ್ರಿ ಸುಳ್ಳು ಹೇಳಿದ್ದರು. ಮಾರನೆಯ ದಿನ ತಟ್ಟೆಯಲ್ಲಿ ಒಂದು ಬಿಳಿ ಕಮ್ಮಿ ಇದ್ದದ್ದು ಅವರಿಗೆ ಗೊತ್ತು, ಅಷ್ಟೇ ಗೊತ್ತು. ಯಾವ ವಾಲ್ವಿಗೆ ಹೋಯಿತೆಂದು ನನ್ನ ಹಾಗೆ ಅವರಿಗೂ ಗೊತ್ತಿಲ್ಲ. ಅವಳಿ ಎಂಜಿನ್ ಸಿಡಿದದ್ದನ್ನು ಕಣ್ಣಾರೆ ಕಂಡ ತಂದೆ, ಮಗಳ ಬೆನ್ನಿನ ಎಂಜಿನ್ ಉರಿಯದಿದ್ದರೆ ಸಾಕು ಎಂದು ಬಾಯಿಗೆ ಬಂದದ್ದನ್ನು ಹೇಳಿದ್ದರು.

ನಾನು ಮೈಕ್ ಎಳೆದುಕೊಂಡೆ. “ನೀವು ಒಳಗಿದ್ದಾಗ ವಾಲ್ವ್ ಜೋಡಿಸಿದ್ದು ಯಾರು?”

ಠಸ್ಸೆಯಣ್ಣನೂ ಮೇಸ್ತ್ರಿಯೂ ಹೊರಗಿದ್ದ ಮೇಲೆ ಒಳಗೆ ಉಳಿದದ್ದು ಈಗ ಮೇಲಿರುವ ಮೂವರೇ; ಪ್ರಶ್ನೆ ಬದಲಿಸಿದೆ.

“ರಿಂಗು ಬಿದ್ದದ್ದು ನೀವು ನೋಡಿದ್ರಾ?”

“ನೋಡ್ದೆ.”

“ಯಾರ ಕೈಯಿಂದ?”

ಕರಕರ ಸದ್ದು. ಗಾಜಿನ ಆಚೆ ಮೇಸ್ತ್ರಿ ನಮ್ಮ ಮುಖಗಳನ್ನು ಒಂದೊಂದಾಗಿ ಓದುತ್ತಿದ್ದರು. ಏನೋ ಕೆಟ್ಟಿದೆಯೆಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಅವರು ಬಾಯಿ ಅಲ್ಲಾಡಿಸಿ ಏನೋ ಕೇಳಿದರು. ನಮಗೂ ಕೇಳಿಸಲಿಲ್ಲ.

“ಯಾರ ಕೈಯಿಂದ ಅನ್ನೋದನ್ನ ಕೆಳಗೆ ಬಂದ ಮೇಲೆ ಹೇಳ್ತೀನಿ,” ಅಂದಳು. “ಯಾವ ವಾಲ್ವು ಅಂತ ಬೇಕಾದ್ರೆ ಈಗಲೇ ಹೇಳ್ತೀನಿ. ಕೆಳಗೆ ಸಿಡಿದದ್ದು. ನಮ್ದು ಸರಿಯಾಗಿದೆ. ನಾಳೆ ದೊಡ್ಡದನ್ನೇ ಉರಿಸ್ತೀವಿ.”

“ಅದನ್ನ ನಾನು ಹೇಗೆ ನಂಬ್ಲಿ?” ನಿರ್ದೇಶಕರ ದನಿ ಒಡೆಯಿತು. “ನಿಮ್ಮಪ್ಪ ನಿಮ್ಮನ್ನ ಉಳಿಸೋಕೆ ಸುಳ್ಳು ಹೇಳ್ತಾರೆ. ನೀವು ಇನ್ಯಾರನ್ನೋ ಉಳಿಸೋಕೆ... ನೋಡಿ, ಯೋಜನೆ ಕಳಿಸ್ತಾ ಇದೀವಿ. ನಾಲ್ಕು ನಲವತ್ತಾಯ್ತು. ಬಂದ ತಕ್ಷಣ ಒಪ್ಪಿಗೆ ಒತ್ತಿ.”

“ಇಲ್ಲ ಸಾರ್.”

“ನಿಮ್ಮ ಜೊತೆ ಇನ್ನಿಬ್ಬರು ಇದಾರಮ್ಮ.”

“ಪಕ್ಕದಲ್ಲೇ ಇದಾರೆ, ಕೇಳಿಸ್ಕೊಳ್ತಿದಾರೆ.”

“ಇದು ಆಜ್ಞೆ.”

“ಒತ್ತಲ್ಲ,” ಅಂದಳು.